ಮಣ್ಣು ಸೋಕದ ಸಲಿಕೆಗೆ ಯಾಕಿಷ್ಟು ಬೆಲೆ?

ಹಳೆಯ ಜರ್ಮನ್ ಸೇನೆಯ ಎಂಜಿನಿಯರುಗಳ ಸಲಿಕೆ, ಕೊಡಲಿ, ತಂತಿ ಕತ್ತರಿಗಳನ್ನು ಕೂಡಿಹಾಕುವ ಹವ್ಯಾಸಿಗಳ ಮೇಲೆ ನನಗೆ ಗೌರವವಿದೆ. ಅವರ ಬೆಲೆಪಟ್ಟಿಯ ಮೇಲಿಲ್ಲ. 1938ರಲ್ಲಿ ಬಂದ ಮಡಿಸುವ ಸಲಿಕೆಯನ್ನೇ ನೋಡಿ. ಕಾವಿಗೂ ಅಲಗಿಗೂ ನಡುವೆ ಒಂದು ತಿರುಪು. ಸಡಿಲಿಸಿ ಅಲಗನ್ನು ಅಡ್ಡ ನಿಲ್ಲಿಸಿ ಬಿಗಿದರೆ ಸಲಿಕೆಯೇ ಗುದ್ದಲಿಯಾಗುತ್ತದೆ. ಗುಂಡಿನ ಮಳೆಯಲ್ಲಿ ತಲೆ ಎತ್ತಲಾಗದ ಸೈನಿಕ ಮಲಗಿಕೊಂಡೇ ಮಣ್ಣನ್ನು ತನ್ನತ್ತ ಎಳೆದುಕೊಳ್ಳಬಹುದು. ಅಮೆರಿಕದ ಸೇನೆಯೂ 1943ರಲ್ಲಿ ತನ್ನ ಸಲಿಕೆಯನ್ನು ಇದೇ ಜಾಡಿನಲ್ಲಿ ಮಾಡಿಸಿಕೊಂಡಿತು. ಇಂಥ ಜಾಣ್ಮೆ ಗುಜರಿಯ ಪಾಲಾಗದಂತೆ ನೋಡಿಕೊಂಡದ್ದು ಸಂಗ್ರಹಕಾರರ ದೊಡ್ಡ ಕೆಲಸ.

ಆದರೆ ದುಡ್ಡು ಸುರಿಯುವುದು ಆ ತಿರುಪಿಗಾಗಿಯೇ? ಅಲಗಿನ ಮೇಲೆ ಕಾರ್ಖಾನೆಯ ಗುಪ್ತಾಕ್ಷರ, ವರ್ಷ, ತಪಾಸಣೆಯ ಹದ್ದಿನ ಮುದ್ರೆ ಇರಬೇಕು. ಬಣ್ಣ ಮೊದಲಿನದೇ ಆಗಿರಬೇಕು. ಮಣ್ಣು ಸೋಕಿರದಿದ್ದರಂತೂ ಇನ್ನೂ ಮೇಲು. ಮುದ್ರೆಗೇ ಬೆಲೆ ಬಂದ ಮೇಲೆ ಖೋಟಾ ಮುದ್ರೆ ಒತ್ತುವವರು ಹುಟ್ಟದಿರುತ್ತಾರೆಯೇ? ಹಿಟ್ಲರನ ಯುದ್ಧ ಕಾರ್ಖಾನೆಗಳಲ್ಲಿ ಬಂದಿಗಳನ್ನು ಬಲವಂತವಾಗಿ ದುಡಿಸಿದ್ದನ್ನು ಆ ಹದ್ದು ಹೇಳುವುದಿಲ್ಲ.

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಿನ ಕಡೆಯಿಂದ ನೋಡಿದರೆ ಈ ಅಳತೆಗೋಲು ಮತ್ತೂ ವಿಚಿತ್ರ. ಇಲ್ಲಿ (ನಿಲಂಗಾ, ಉದಗೀರು 1956ರವರೆಗೆ ನಮ್ಮ ಬೀದರ ಜಿಲ್ಲೆಯವೇ) ಕಬ್ಬಿಣಕ್ಕೆ ನಿವೃತ್ತಿಯಿಲ್ಲ. ಮೊಂಡಾದ ಹಾರೆ ಕುಲುಮೆಗೆ ಹೋಗಿ, ಹೊಸ ಮೊನೆ ಹೊಡೆಸಿಕೊಂಡು, ಸ್ವಲ್ಪ ಗಿಡ್ಡವಾಗಿ ಹೊಲಕ್ಕೆ ಮರಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ್ದ ಇಲ್ಲಿನ ಊರುಗಳ ಮೇಲೆ ಕಿಲ್ಲಾರಿ ಭೂಕಂಪ ಎರಗಿತು. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬಿದ್ದರೆ ಒಳಗಿದ್ದವರಿಗೆ ಉಸಿರಾಡುವಷ್ಟು ಸಂದೂ ಉಳಿಯುವುದಿಲ್ಲ. ಸತ್ತವರು ಸುಮಾರು 8ರಿಂದ 10 ಸಾವಿರ. ಮೊದಲು ಅಗೆದದ್ದು ಊರವರ ಹಾರೆ, ಸಲಿಕೆ, ಬರಿಗೈ. ಆಮೇಲೆ ಸೈನ್ಯ ಬಂತು. ಆ ಹಾರೆಗಳಲ್ಲಿ ಒಂದು ಇವತ್ತು ಸಿಕ್ಕರೂ ಹವ್ಯಾಸಿಯ ಲೆಕ್ಕದಲ್ಲಿ ಅದು ಗುಜರಿ: ಮುದ್ರೆಯಿಲ್ಲ, ವರ್ಷವಿಲ್ಲ, ಮೊನೆಯೂ ಮೂಲದ್ದಲ್ಲ. ನನ್ನ ಲೆಕ್ಕದಲ್ಲಿ ಆ ಮೂರನೆಯ ದೋಷವೇ ಅದರ ಚರಿತ್ರೆ.

ಕೋಟೆಗಳ ವಿಷಯದಲ್ಲೂ ನಮ್ಮದು ಇದೇ ಪಕ್ಷಪಾತ. 1760ರಲ್ಲಿ ಮರಾಠಾ ಸೇನಾನಿ ಸದಾಶಿವರಾವ್ ಭಾವು ಉದಗೀರಿನಲ್ಲಿ ನಿಜಾಮನನ್ನು ಮಣಿಸಿದ ಕಥೆಯಲ್ಲಿ ತೋಪು, ಕುದುರೆ, ಸರದಾರರೆಲ್ಲ ಇದ್ದಾರೆ. ಆ ಕೋಟೆಯ ಕಂದಕ ತೋಡಿದ ಗುದ್ದಲಿಯ ಮಾತೆತ್ತುವವರಿಲ್ಲ.

ಜರ್ಮನ್ ಸಲಿಕೆ ಕೊಳ್ಳುವವರು ಕೊಳ್ಳಲಿ. ಮುದ್ರೆಯ ಜೊತೆಗೆ, ಕಾವು ಬದಲಾಗಿದೆಯೇ, ಅಲಗಿನ ಯಾವ ಮೂಲೆ ಹೆಚ್ಚು ಸವೆದಿದೆ, ಹಿಡಿದವನು ಎಡಚನೋ ಬಲಗೈಯವನೋ ಎಂಬುದನ್ನೂ ಚೀಟಿಯಲ್ಲಿ ಬರೆದಿಡಲಿ. ಗೋದಾಮಿನಿಂದ ಹೊರಗೇ ಬರದ ಸಲಿಕೆಯ ಚೀಟಿಯಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಬೆಲೆ ಕಟ್ಟುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.