ಏಳು ಮಾತ್ರೆಯ ನಡಿಗೆ

ಸಿನಿಮಾ ಹಾಡು ಎಂದರೆ ನಾಲ್ಕರ ಲೆಕ್ಕ, ಅದು ಬಿಟ್ಟರೆ ಆರರದ್ದು. ತಬಲಾದವರು ಕೆಹರ್ವಾ, ದಾದ್ರಾ ಎನ್ನುತ್ತಾರೆ. ರೆಕಾರ್ಡಿಂಗ್ ಥಿಯೇಟರಿನಲ್ಲಿ ಅದೇ ಫೋರ್-ಫೋರ್, ಸಿಕ್ಸ್-ಎಯ್ಟ್ ಆಗುತ್ತದೆ. ನಾಯಕ ನಾಯಕಿ ಹೆಜ್ಜೆ ಹಾಕಬೇಕು, ಗಾಂಧಿ ಕ್ಲಾಸಿನವನು ಚಪ್ಪಾಳೆ ತಟ್ಟಬೇಕು, ಮನೆಗೆ ಹೋಗುವ ದಾರಿಯಲ್ಲಿ ಎಲ್ಲರೂ ಗುನುಗಬೇಕು. ಇಷ್ಟಕ್ಕೆಲ್ಲ ಸಮಸಂಖ್ಯೆಯೇ ಅನುಕೂಲ. ಹೀಗಿದ್ದೂ ನಮ್ಮ ಸಂಗೀತ ನಿರ್ದೇಶಕರ ಮುಂದೆ ಆಗಾಗ ಏಳೋ ಐದೋ ಬಂದು ನಿಲ್ಲುತ್ತದೆ. ಆಗ ಅವರು ಏನು ಮಾಡುತ್ತಾರೆ ಎಂದು ಕಿವಿಗೊಟ್ಟು ಕೇಳುವುದು ನನಗೆ ಬಲು ಇಷ್ಟದ ಕೆಲಸ.

ಮೊದಲು ಏಳನ್ನೇ ಹತ್ತಿರದಿಂದ ನೋಡೋಣ. ತಕಿಟ ತಕಧಿಮಿ: ಮೂರು, ಆಮೇಲೆ ನಾಲ್ಕು. ಕರ್ನಾಟಕ ಪದ್ಧತಿಯಲ್ಲಿ ಇದು ಮಿಶ್ರ ಚಾಪು. ಹಿಂದೂಸ್ತಾನಿಯ ರೂಪಕ್ ಕೂಡ ಏಳೇ, ಮೂರು ಎರಡು ಎರಡು ಎಂದು ಒಡೆದದ್ದು. ರೂಪಕ್‌ನ ಠೇಕಾವನ್ನು ಬಾಯಲ್ಲಿ ಹೇಳಿ ನೋಡಿ: ತೀ ತೀ ನಾ, ಧೀ ನಾ, ಧೀ ನಾ. ಮೊದಲ ಮೂರಕ್ಕೆ ಎಡಗೈ ಡಗ್ಗಾ ಗುಮ್ಮೆನ್ನುವುದಿಲ್ಲ. ಗುಮಕಿ ಬರುವುದು ನಾಲ್ಕನೆಯ ಮತ್ತು ಆರನೆಯ ಮಾತ್ರೆಗೆ. ಬೇರೆ ತಾಳಗಳೆಲ್ಲ ಸಮದ ಮೇಲೆ ಗಟ್ಟಿಯಾಗಿ ಕಾಲೂರಿದರೆ ರೂಪಕ್ ತನ್ನ ಮೊದಲ ಮಾತ್ರೆಯನ್ನೇ ಖಾಲಿ ಬಿಟ್ಟು ಹೊರಡುತ್ತದೆ. ಮೂರು ಹಗುರ, ನಾಲ್ಕು ಭಾರ. ಏಳಕ್ಕೆ ಇರುವ ತೂಗಾಟವೆಲ್ಲ ಈ ಹಂಚಿಕೆಯಲ್ಲಿದೆ. ಕೆಟ್ಟದಾಗಿ ನುಡಿಸಿದರೆ ಕುಂಟುತ್ತದೆ, ಚೆನ್ನಾಗಿ ನುಡಿಸಿದರೆ ತೊಟ್ಟಿಲಾಗುತ್ತದೆ.

ಕನ್ನಡದ ಕಿವಿಗೆ ಇದು ಹೊಸತೂ ಅಲ್ಲ, ಕಷ್ಟವೂ ಅಲ್ಲ. ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಯ ಗಣಗಳದ್ದೇ. ಗಮಕಿಗಳು ಅದನ್ನು ತಾಳಕ್ಕೆ ಕಟ್ಟದೆ ವಾಚಿಸುತ್ತಾರೆ, ನಿಜ. ಆದರೆ ಆ ಏಳರ ಬಳುಕು ಮಾತಿನೊಳಗೇ ಕೂತಿರುತ್ತದೆ. ವಾರ್ಧಕಕ್ಕೆ ಬಂದರೆ ಐದೈದು ಮಾತ್ರೆ, ಅಂದರೆ ಖಂಡದ ನಡೆ. ಇನ್ನು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾ ಕಲ್ಯಾಣಿಯಲ್ಲಿ, ಮಿಶ್ರ ಚಾಪಿನಲ್ಲಿ ನಮ್ಮ ಮನೆಮನೆಯಲ್ಲಿ ಹಾಡುವ ಪದ. ಸತ್ಯಜಿತ್ ರಾಯ್ 1976ರಲ್ಲಿ ಭರತನಾಟ್ಯದ ಟಿ. ಬಾಲಸರಸ್ವತಿಯವರ ಮೇಲೆ ತೆಗೆದ ‘ಬಾಲ’ ಸಾಕ್ಷ್ಯಚಿತ್ರದಲ್ಲಿ ಅವರು ಕಡಲ ದಂಡೆಯಲ್ಲಿ ಅಭಿನಯಿಸುವುದು ಇದೇ ಪದವನ್ನು. ಮಗುವನ್ನು ಕರೆಯುವ ತಾಯಿಯ ಮಾತು ಏಳರಲ್ಲಿ ಎಷ್ಟು ಸಲೀಸಾಗಿ ಹೊರಡುತ್ತದೆಂದರೆ, ಹಾಡುವವರಲ್ಲಿ ಎಷ್ಟೋ ಜನಕ್ಕೆ ತಾವು ವಿಷಮ ತಾಳದಲ್ಲಿ ಹಾಡುತ್ತಿದ್ದೇವೆಂಬ ಅರಿವೇ ಇರುವುದಿಲ್ಲ.

ಹೀಗೆ ಏಳರಲ್ಲಿ ಬರೆದ ಕವಿತೆ ಹಾರ್ಮೋನಿಯಂ ಮೇಲೆ ಬಂದು ಕೂತರೆ? ಕುವೆಂಪು ಅವರ ದೋಣಿಯ ಹಾಡು ಮೂರು-ನಾಲ್ಕರ ನಡೆಯದ್ದು, ಆರ್. ಸುದರ್ಶನಂ ಸಂಗೀತದಲ್ಲಿ 1965ರ ‘ಮಿಸ್ ಲೀಲಾವತಿ’ಗೆ ಬಂತು. ಅಡಿಗರ ‘ಯಾವ ಮೋಹನ ಮುರಳಿ’ಯದ್ದೂ ಅದೇ ಗಣ, ಮನೋಮೂರ್ತಿಯವರ ಸಂಗೀತದಲ್ಲಿ ‘ಅಮೆರಿಕ! ಅಮೆರಿಕ!!’ ಸೇರಿತು. ಇಂಥ ಪದ್ಯ ಎದುರಾದಾಗ ಸಂಗೀತ ನಿರ್ದೇಶಕನಿಗೆ ಕೆಲವೇ ದಾರಿಗಳಿವೆ. ಮೂರನ್ನು ನಾಲ್ಕಕ್ಕೆ ಹಿಗ್ಗಿಸಿ ಎಂಟು ಮಾಡಿಕೊಳ್ಳಬಹುದು. ಏಳನ್ನು ಹಾಡಿ ಒಂದು ಮಾತ್ರೆ ಸುಮ್ಮನಿರಬಹುದು. ನಾಲ್ಕನ್ನು ಅದುಮಿ ಆರಕ್ಕೆ ಇಳಿಸಬಹುದು. ಇದು ನನಗೆ ಹಿಡಿಸದು, ಪದಗಳು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಂತೆ ಕೇಳುತ್ತವೆ. ಇಲ್ಲವೇ ಧೈರ್ಯ ಮಾಡಿ ಏಳನ್ನು ಏಳಾಗಿಯೇ ಬಿಡಬಹುದು.

ಹಿಗ್ಗಿಸುವುದೆಂದರೆ ಸೋಲು ಎಂದೇನೂ ತಿಳಿಯಬೇಕಾಗಿಲ್ಲ. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಇದಕ್ಕೆ ಸಾಕ್ಷಿ. ಆರ್.ಎನ್. ಜಯಗೋಪಾಲ್ ಬರೆದು ಇಳಯರಾಜ ಸಂಗೀತ ಕೊಟ್ಟ ‘ನಗುವ ನಯನ’ ಹಾಡಿನ ಪಲ್ಲವಿಯ ಮೊದಲ ನಾಲ್ಕು ಪದಗಳೂ ಬರಹದಲ್ಲಿ ಮೂರು ಮೂರು ಮಾತ್ರೆಯವು. ಓದಿಕೊಂಡರೆ ತ್ರಿಶ್ರ, ಜೋಕಾಲಿಯ ಓಟ. ಇಳಯರಾಜ ಪ್ರತಿ ಪದದ ಕೊನೆಯ ಅಕ್ಷರವನ್ನು ಒಂದಿಷ್ಟು ಎಳೆದು ನಾಲ್ಕು ಮಾಡಿದರು. ಎರಡು ಚಿಕ್ಕ ಸ್ವರ, ಒಂದು ಉದ್ದ ಸ್ವರ. ಮತ್ತೆ ಎರಡು ಚಿಕ್ಕದು, ಒಂದು ಉದ್ದ. ಮಾತು ಮುಗಿದ ಮೇಲೂ ನೋಟ ಕದಲದೆ ಉಳಿಯುವಷ್ಟು ಹೊತ್ತು ಆ ಎಳೆತದಲ್ಲಿದೆ. ಎಸ್ಪಿಬಿ, ಎಸ್. ಜಾನಕಿ ಇಬ್ಬರೂ ಅದನ್ನು ತುಂಬಿಸಲು ಗಮಕದ ಗೊಡವೆಗೆ ಹೋಗದೆ ಬರೀ ಉಸಿರಿನಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಛಂದಸ್ಸಿನ ಮೇಷ್ಟ್ರು ಕೆಂಪು ಶಾಯಿ ಎತ್ತಿಕೊಂಡರೂ ಪರವಾಗಿಲ್ಲ, ಕೇಳುಗ ಹತ್ತಕ್ಕೆ ಹತ್ತು ಕೊಡುತ್ತಾನೆ.

ಆದರೆ ಕವಿತೆಯ ನಡೆಗೆ ಮರ್ಯಾದೆ ಕೊಡುವುದರಲ್ಲಿ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ‘ಬೆಳ್ಳಿಮೋಡ’ದಲ್ಲಿ (1967) ಬೇಂದ್ರೆಯವರ ‘ಬೆಳಗು’ ಅವರ ಕೈಗೆ ಬಂತು. ಅದರದ್ದು ಬಹುಮಟ್ಟಿಗೆ ನಾಲ್ಕರ ನಡೆ. ‘ಮಾನಸ ಸರೋವರ’ದಲ್ಲಿ (1982) ಜಿ.ಎಸ್. ಶಿವರುದ್ರಪ್ಪನವರ ಎರಡು ಕವಿತೆ: ‘ಹಾಡು ಹಳೆಯದಾದರೇನು’ ಮೂರು ಮೂರರ ಓಟ, ‘ವೇದಾಂತಿ ಹೇಳಿದನು’ ಐದೈದರ ಹೆಜ್ಜೆ. ಒಂದೇ ಚಿತ್ರ, ಒಬ್ಬನೇ ಕವಿ, ಎರಡು ಬೇರೆ ಜೀವನಾಡಿ. ಈ ಎರಡು ಚಿತ್ರಗಳ ನಡುವೆ, 1970ರ ‘ಅರಿಶಿನ ಕುಂಕುಮ’ದಲ್ಲಿ ಬೇಂದ್ರೆಯವರ ‘ಗಂಗಾವತರಣ’ ಬಂದು ಕೂತಿದೆ. ನಾನು ಮತ್ತೆ ಮತ್ತೆ ಹಿಂತಿರುಗುವುದು ಅದಕ್ಕೇ.

‘ಗಂಗಾವತರಣ’ದ ಸಾಲು ಮೂರು-ಐದರ ಲೆಕ್ಕದ್ದು. ಮೂರು ಮಾತ್ರೆಯ ಒಂದು ಗಣ, ಹಿಂದೆಯೇ ಐದರದ್ದು, ಕೂಡಿದರೆ ಎಂಟು. ಎಂಟು ಎಂದ ತಕ್ಷಣ ಆದಿತಾಳದವರು, ಕೆಹರ್ವಾದವರು ನಿಟ್ಟುಸಿರು ಬಿಡುತ್ತಾರೆ: ಸದ್ಯ, ನಮ್ಮದೇ ಸಂಖ್ಯೆ! ಚಮತ್ಕಾರವಿರುವುದೇ ಅಲ್ಲಿ. ಆ ಐದು ಬೇಂದ್ರೆಯವರಲ್ಲಿ ಮೇಲಿಂದ ಮೇಲೆ ಎರಡು-ಮೂರು ಎಂದು ಒಡೆಯುತ್ತದೆ. ಹಾಗಾಗಿ ಎಂಟರ ಒಳಗೆ ಮೂರು, ಎರಡು, ಮೂರು. ಎರಡು ತುದಿಗೂ ಮೂರು, ನಡುವೆ ಕಿರಿದಾದ ಎರಡು. ನಾಲ್ಕು-ನಾಲ್ಕು ಎಂದು ಕೈ ತಟ್ಟಲು ಹೋದರೆ ಎರಡನೆಯ ತಟ್ಟು ಪದದ ಆರಂಭಕ್ಕೆ ಬೀಳದೆ ನಡುಮಧ್ಯಕ್ಕೆ ಬೀಳುತ್ತದೆ. ಕೈಯ ಲೆಕ್ಕ ಒಂದು, ನಾಲಗೆಯ ಲೆಕ್ಕ ಇನ್ನೊಂದು. ಎರಡೂ ಎಂಟರ ಕೊನೆಗೆ ಸೇರಿಕೊಳ್ಳುತ್ತವೆ, ಮತ್ತೆ ಬೇರೆಯಾಗುತ್ತವೆ. ಗಂಗೆ ಹರನ ಜಡೆಯಲ್ಲಿ ಸಿಕ್ಕಿ ಬಿಡಿಸಿಕೊಂಡು ಬರುವ ಕಥೆಗೆ ಇದಕ್ಕಿಂತ ತಕ್ಕ ಲಯ ಇನ್ನೆಲ್ಲಿ ಸಿಗಬೇಕು?

ಇದನ್ನು ಸವಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಹಾಡು ಹಾಕಬೇಡಿ. ಪದ್ಯವನ್ನು ರಾಗವಿಲ್ಲದೆ ಬರೀ ಮಾತಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ. ಮೂರು-ಐದು ತಾನಾಗಿ ನಾಲಗೆಗೆ ಬರುತ್ತದೆ. ಆಮೇಲೆ ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ಕೇಳಿ. ಅವರ ದನಿ ಪದವನ್ನು ಬಡಿಯುವುದಿಲ್ಲ, ಮೆಲ್ಲಗೆ ಕೆಳಗಿಡುತ್ತದೆ. ಬೇರೆ ಯಾರಾದರೂ ಅಬ್ಬರದಿಂದ ಹಾಡಿದ್ದರೆ ಈ ಒಳಲೆಕ್ಕ ಡೋಲಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಎಂಟರೊಳಗೆ ವಿಷಮವನ್ನು ಹುದುಗಿಸುವ ಈ ಉಪಾಯವೇ ದಕ್ಷಿಣದ ಸಿನಿಮಾ ಸಂಗೀತದ ದೊಡ್ಡ ಗುಟ್ಟು. ಮೂರು-ಮೂರು-ಎರಡು ಎಂಬ ಮಾದರಿ ಢೋಲಕ್ ಮೇಲೆ, ಗಿಟಾರಿನ ತಂತಿಯ ಮೇಲೆ, ಬೇಸ್ ಗಿಟಾರಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಇದರ ದೊಡ್ಡಣ್ಣ ಹಿನ್ನೆಲೆ ವಾದ್ಯಗಳ ಭಾಗದಲ್ಲಿ ಅಡಗಿರುತ್ತಾನೆ. ನಾಲ್ಕು ಎಣಿಕೆಯ ಎಂಟು ಬಾರ್ ಎಂದರೆ ಮೂವತ್ತೆರಡು. ಅದರಲ್ಲಿ ಏಳರ ನಾಲ್ಕು ತುಣುಕು ಕೂರಿಸಿದರೆ ಇಪ್ಪತ್ತೆಂಟು. ಉಳಿದ ನಾಲ್ಕರಲ್ಲಿ ಉಸಿರಾಡಿ ಪಲ್ಲವಿಗೆ ಇಳಿಯಬಹುದು. ಮೃದಂಗದವರು ಮುಕ್ತಾಯ ಕಟ್ಟುವಾಗ ಮಾಡುವ ಲೆಕ್ಕವೇ ಇದು. ಪಿಟೀಲುಗಳು ಏಳೇಳಾಗಿ ಹೋಗುತ್ತಿರುತ್ತವೆ, ತಬಲಾ ನಾಲ್ಕು ನಾಲ್ಕಾಗಿ ಬರುತ್ತಿರುತ್ತದೆ, ಕೇಳುವವನಿಗೆ ಕಾಲ ಕೆಳಗಿನ ನೆಲ ಸ್ವಲ್ಪ ಜಾರಿದಂತಾಗಿ, ಬೀಳುವಷ್ಟರಲ್ಲಿ ಪಲ್ಲವಿ ಕೈ ಹಿಡಿಯುತ್ತದೆ.

ಲೆಕ್ಕ ಬಲ್ಲವರು ಅದನ್ನು ಯಾವಾಗ ತೋರಿಸಬಾರದು ಎಂಬುದನ್ನೂ ಬಲ್ಲರು. ಎಂ. ಬಾಲಮುರಳಿಕೃಷ್ಣ ತ್ರಿಮುಖಿ, ಪಂಚಮುಖಿ, ಸಪ್ತಮುಖಿ, ನವಮುಖಿ ಎಂಬ ತಾಳಗಳನ್ನು ಹೊಸದಾಗಿ ಕಟ್ಟಿದವರು. ತಾಳದ ಸಶಬ್ದ ಕ್ರಿಯೆಗಳೊಳಗೇ, ಅಂದರೆ ಕೈ ತಟ್ಟುವ ಜಾಗಗಳಲ್ಲೇ, ಗತಿಭೇದ ತಂದವರು. ಸ್ವತಃ ಮೃದಂಗ ನುಡಿಸುತ್ತಿದ್ದರು. ಅಂಥವರು ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ (1975) ಶ್ಯಾಮಾಶಾಸ್ತ್ರಿಗಳ ‘ಹಿಮಾದ್ರಿಸುತೆ’ಯನ್ನು ಕಲ್ಯಾಣಿಯಲ್ಲಿ, ಕರ್ನಾಟಕ ಪದ್ಧತಿಯ ಸರಳ ರೂಪಕ ತಾಳದಲ್ಲಿ (ಏಳರ ರೂಪಕ್ ಬೇರೆ) ಹಾಡಿದರು. ಆ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನವಮುಖಿಯನ್ನು ಬಲ್ಲ ಕಂಠವೊಂದು ರೂಪಕದಲ್ಲಿ ನಿಶ್ಚಿಂತೆಯಿಂದ ಅಡ್ಡಾಡುವುದನ್ನು ಕೇಳುವ ಸುಖವೇ ಬೇರೆ.

ಕೆ. ಬಾಲಚಂದರ್ ಅವರ ‘ಸಿಂಧು ಭೈರವಿ’ (1985) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕುಡಿದು ಬಂದ ಮೃದಂಗದವನನ್ನು ಹೊರಗೆ ಕಳಿಸಿ ಹಾಡುಗಾರ ಮೃದಂಗವಿಲ್ಲದೆಯೇ ಕಛೇರಿ ಮಾಡುತ್ತಾನೆ. ದನಿ ಯೇಸುದಾಸ್ ಅವರದ್ದು, ಸಂಗೀತ ಇಳಯರಾಜರದ್ದು. ಲಯವಾದ್ಯವಿಲ್ಲದೆ ಲಯ ಎಲ್ಲಿರುತ್ತದೆ ಎಂದು ತಿಳಿಯಲು ಆ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಬೇಕು.

ಈಗಿನ ಹಾಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಏಳನ್ನೂ ಒಂಬತ್ತನ್ನೂ ಕ್ಷಣದಲ್ಲಿ ಕೂರಿಸಬಹುದು; ಆದರೂ ಸಿದ್ಧ ಲೂಪ್‌ಗಳು ಹೆಚ್ಚಾಗಿ ನಾಲ್ಕರವು, ಹಾಡುಗಳೂ ನಾಲ್ಕರವೇ. ಕೂರಿಸಿದ ಏಳು ಪೆಟ್ಟಿಗೆಯಲ್ಲಿಟ್ಟಷ್ಟು ಚೌಕಟ್ಟಾಗಿ ಬರುತ್ತದೆ. ರೂಪಕ್‌ನ ನಾಲ್ಕನೆಯ ಮಾತ್ರೆಯಲ್ಲಿ ಡಗ್ಗಾದ ಮೇಲೆ ಅಂಗೈ ಸರಿಸುವವನು ಆ ಗುಮಕಿಯನ್ನು ಕೂದಲೆಳೆಯಷ್ಟು ತಡಮಾಡಿ ಬಿಡುತ್ತಾನಲ್ಲ, ಅದು ಅಲ್ಲಿಲ್ಲ.

ಆ ಅಂಗೈ ಯಾರದ್ದು ಎಂಬುದೇ ನಮಗೆ ತಿಳಿಯದು. ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕರ ಹೆಸರಿದೆ, ಸಾಹಿತಿಯ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ; ತಬಲಾ, ಢೋಲಕ್, ಮೃದಂಗದವರ ಹೆಸರು ಸಾಮಾನ್ಯವಾಗಿ ಇಲ್ಲ. ಈ ಹಾಡುಗಳನ್ನು ಇಂದು ಹೊಸದಾಗಿ ಶುದ್ಧಗೊಳಿಸಿ ಅಂತರ್ಜಾಲಕ್ಕೆ ಏರಿಸುತ್ತಿರುವ ಕಂಪನಿಗಳು ಅಷ್ಟು ಮಾಡಲಿ: ಆ ಕಾಲದ ವಾದಕರಲ್ಲಿ ಬದುಕಿರುವವರನ್ನು ಕೇಳಿ, ಯಾವ ಹಾಡಿಗೆ ಯಾರು ನುಡಿಸಿದರು ಎಂದು ಬರೆದುಕೊಂಡು, ಹಾಡಿನ ಜೊತೆಗೇ ಆ ಹೆಸರುಗಳನ್ನೂ ಹಾಕಲಿ.