ಬೇಡ ಎನ್ನಲೂ ಕಲಿಸಬೇಕು

ಆಟಿಸಂ ಇರುವ ಮಕ್ಕಳಿಗೆ ಮಾತು ಕಲಿಸುವ ‘ವರ್ಬಲ್ ಬಿಹೇವಿಯರ್’ ಪದ್ಧತಿಯ ಬೇರು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1957ರಲ್ಲಿ ತಂದ ಅದೇ ಹೆಸರಿನ ಪುಸ್ತಕದಲ್ಲಿದೆ. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಅದನ್ನು ಕಟುವಾಗಿ ವಿಮರ್ಶಿಸಿದರು. ಮಗು ಭಾಷೆ ಕಲಿಯುವ ಬಗೆಯನ್ನು ಈ ಪುಸ್ತಕ ಪೂರ್ತಿ ವಿವರಿಸಲಾರದು ಎಂಬುದು ನನಗೂ ಒಪ್ಪಿಗೆ. ಆದರೂ ಕಲಿಸುವವರಿಗೆ ಅದು ಕೊಟ್ಟ ತಿಳಿವಳಿಕೆ ದೊಡ್ಡದು. ಚಿತ್ರ ನೋಡಿ ‘ನೀರು’ ಎನ್ನುವುದೇ ಬೇರೆ, ಬಾಯಾರಿದಾಗ ನೀರು ಕೇಳುವುದೇ ಬೇರೆ. ಒಂದು ಬಂದರೆ ಇನ್ನೊಂದು ತಾನಾಗಿ ಬರುತ್ತದೆ ಎಂದೇನಿಲ್ಲ. ಅದಕ್ಕೇ ಈ ಪದ್ಧತಿ ಮೊದಲು ಬೇಕಾದ್ದನ್ನು ಕೇಳಲು ಕಲಿಸುತ್ತದೆ. ಹೀಗೆ ಕೇಳುವುದನ್ನು ಸ್ಕಿನ್ನರ್ ‘ಮ್ಯಾಂಡ್’ ಎಂದರು.

ನಮ್ಮ ಕಡೆಯವರು ಇಂಥ ಮಕ್ಕಳ ತಪಾಸಣೆಗೆ ಹೋಗುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೊಳ್ಳೇಗಾಲದಿಂದ ಸುಮಾರು 60 ಕಿ.ಮೀ. ದೂರ. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಸುತ್ತಲಿನವರು, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡು ಎಂಬ ಕಾಡಿನ ಹಾಡಿಗಳವರು ಅಲ್ಲಿಗೆ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು. ತಪಾಸಣೆಗೆ ಹೋಗಲೇಬೇಕು, ದಿನದಿನದ ಪಾಠ ಮಾತ್ರ ಮನೆಯಲ್ಲೇ ಆಗಬೇಕು. ಮನಶ್ಶಾಸ್ತ್ರಜ್ಞ ಲೋವಾಸ್ 1987ರ ಅಧ್ಯಯನದಲ್ಲಿ ಮಕ್ಕಳಿಗೆ ಕೊಟ್ಟ ವಾರದ 40 ಗಂಟೆಯ ತರಬೇತಿ ನಮ್ಮ ಕಡೆ ಯಾರ ಕೈಗೆಟುಕೀತು? ಮ್ಯಾಂಡ್‌ಗೆ ಅಷ್ಟೆಲ್ಲ ಬೇಕಿಲ್ಲ. ಅಡುಗೆಮನೆ, ಜಗಲಿ, ಅಜ್ಜಿ ಇದ್ದರೆ ಸಾಕು.

“ನೀರ್ ಬೇಕಾ ಮೊಗ?” ಎಂದು ತಾಯಿ ದಿನವೂ ಕೇಳುತ್ತಾಳೆ. ಕೆಲವು ಮಕ್ಕಳು ಬಾಯಾರಿದಾಗ “ನೀರ್ ಬೇಕಾ?” ಎಂದೇ ಹೇಳುತ್ತವೆ. ನೀರು ಸಿಗುವಾಗಲೆಲ್ಲ ಅವುಗಳ ಕಿವಿಗೆ ಬಿದ್ದದ್ದು ಅದೇ ತಾನೆ? ಪ್ರಶ್ನೆ ಬಿಟ್ಟು, ಲೋಟ ಹಿಡಿದು “ನೀರು” ಎಂದಷ್ಟೇ ಹೇಳಿ ಎರಡು ಕ್ಷಣ ಕಾಯಬೇಕು. ಮಗು “ನೀ” ಎಂದರೂ, ಕೈ ತೋರಿಸಿದರೂ ತಕ್ಷಣ ಕೊಡಬೇಕು. ಎಲ್ಲಕ್ಕೂ ಬರೀ “ಬೇಕು” ಎಂದು ಕಲಿಸಿದರೆ ಏನು ಬೇಕೆಂದು ತಾಯಿಗೂ ತಿಳಿಯದು, ಮಗು ಅತ್ತು ರಂಪ ಮಾಡುತ್ತದೆ.

ಹೀಗೆ ಕಾಯುವ ಉಪಾಯ ಹಟಕ್ಕೆ ತಿರುಗುವುದೂ ಉಂಟು. ಬಾಯಿಬಿಟ್ಟು ಹೇಳುವವರೆಗೂ ಲೋಟ ಕೊಡದಿರುವುದು ಪಾಠವಲ್ಲ, ಕ್ರೌರ್ಯ. ಕೈಸನ್ನೆಯೂ ಮಾತೇ ಎಂದು ಈ ಪದ್ಧತಿಯೇ ಒಪ್ಪುತ್ತದೆ. ಪುರಾವೆಯ ವಿಷಯದಲ್ಲೂ ಎಚ್ಚರ ಬೇಕು. ಕೇಳಲು ಕಲಿಸುವುದು ಫಲ ಕೊಡುತ್ತದೆ ಎನ್ನುವ ಅಧ್ಯಯನಗಳಲ್ಲಿ ಬಹುಪಾಲು ಬೆರಳೆಣಿಕೆಯ ಮಕ್ಕಳ ಮೇಲೆ ನಡೆದಂಥವು. ಮಗು ಪೂರ್ತಿ ಮಾತಾಡುತ್ತದೆ ಎಂದು ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬಾರದು.

ವರ್ತನೆ ತಿದ್ದುವ ತರಬೇತಿಗಳು ತಮಗೆ ವಿಧೇಯತೆಯನ್ನಷ್ಟೇ ಕಲಿಸಿದವು ಎಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳಿದ್ದಾರೆ. ಆ ದೂರನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಅದಕ್ಕೇ ಕೇಳುವುದರ ಜೊತೆಗೆ ಬೇಡ ಎನ್ನುವುದನ್ನೂ ಕಲಿಸಬೇಕು. ಮುದ್ದೆಯ ತಟ್ಟೆ ತಳ್ಳಿ ಕಿರುಚುವ ಮಗುವಿಗೆ “ಬೇಡ” ಎನ್ನಲು ಕಲಿಸಿ, ಅಂದ ಕೂಡಲೇ ತಟ್ಟೆ ತೆಗೆದರೆ ಕಿರುಚುವ ಅಗತ್ಯವೇ ಕಡಿಮೆಯಾಗುತ್ತದೆ. ಮಾತ್ರೆಯಂಥ ತಪ್ಪಿಸಲಾಗದ್ದಕ್ಕೆ ಬೇಡವೆಂದರೆ ಕೊಂಚ ಬಿಡುವನ್ನಾದರೂ ಕೊಡಬಹುದು. ಮನೆಗೇ ಬಂದು ಕಲಿಸುವ ಶಿಕ್ಷಕರು ಮಗು ಎಷ್ಟು ಹೆಸರು ಹೇಳಿತೆಂದು ಬರೆದಿಡುವ ಪುಸ್ತಕದಲ್ಲೇ, ಎಷ್ಟು ಸಲ ಬೇಡ ಎಂದಿತು, ಅದರಲ್ಲಿ ಎಷ್ಟು ಸಲ ನಾವು ಒಪ್ಪಿದೆವು ಎಂಬುದಕ್ಕೂ ಒಂದು ಕಾಲಂ ಹಾಕಿಕೊಳ್ಳಲಿ.