ನೆಲಕ್ಕಿಳಿದ ಕಾರ್ಖಾನೆ

ಹಳೇ ಕಾರ್ಖಾನೆಗಳ ವಾಸ್ತುಶಿಲ್ಪ ಎಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಗೋಕಾಕ ಮಿಲ್ಲು. 1880ರ ದಶಕದಲ್ಲಿ ಘಟಪ್ರಭೆಯ ಜಲಪಾತದ ಮಗ್ಗುಲಲ್ಲೇ ಎದ್ದ ಆ ಕಟ್ಟಡಗಳಿಗೆ ಈ ಗೌರವ ಸಲ್ಲಲೇಬೇಕು. ನೀರು ಧುಮುಕುವ ತಾಣವೇ ಮಿಲ್ಲು ಎಲ್ಲಿರಬೇಕೆಂಬುದನ್ನು ಗೊತ್ತುಮಾಡಿತು. ಮಾಡುವ ಕೆಲಸ ಕಟ್ಟಡಕ್ಕೆ ಎಷ್ಟು ಆಕಾರ ಕೊಟ್ಟಿದೆ ಎಂಬುದೇ ಕಾರ್ಖಾನೆಯನ್ನು ಅಳೆಯುವ ಸರಿಯಾದ ಅಳತೆಗೋಲು. ಅದೇ ಅಳತೆಗೋಲನ್ನು ಬಾಗಲಕೋಟೆ ಜಿಲ್ಲೆಗೆ ಹಿಡಿದರೆ, ಇಳಕಲ್ಲ ಮತ್ತು ಗುಳೇದಗುಡ್ಡದ ಓಣಿಗಳಲ್ಲಿರುವ ಮಗ್ಗದ ಮನೆಗಳು ಗೋಕಾಕ ಮಿಲ್ಲಿನ ಸರಿಸಮ ನಿಲ್ಲುತ್ತವೆ. ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿ ಎಂದರೆ ಕಂಬ ಕಂಬವನ್ನೂ ಎಣಿಸುವ ನಾವು ಈ ಮನೆಗಳನ್ನು ಬರೀ ಹಳೇ ಮನೆ ಎಂದು ದಾಟಿ ಹೋಗುತ್ತೇವೆ.

ಕುಣಿಮಗ್ಗವನ್ನು ಹತ್ತಿರದಿಂದ ನೋಡಬೇಕು. ಒಳಗಿನ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗಿಳಿಬಿಟ್ಟು ಮೆಟ್ಟು ತುಳಿಯುತ್ತಾರೆ. ಹಾಸು ನೆಲದ ಸಮೀಪದಲ್ಲೇ ಹರಡಿರುತ್ತದೆ. ಮಗ್ಗದ ಕಂಬಗಳನ್ನು ನೆಲದಲ್ಲೇ ಹೂತಿರುವುದರಿಂದ ಪ್ರತಿ ಬಡಿತದ ಪೆಟ್ಟನ್ನು ಭೂಮಿಯೇ ತಾಳಿಕೊಳ್ಳುತ್ತದೆ, ದೊಡ್ಡ ಮರದ ಚೌಕಟ್ಟು ಬೇಕಾಗುವುದಿಲ್ಲ. ಹತ್ತಿಯ ಎಳೆ ಒಣಗಿದರೆ ಕಡಿಯುತ್ತದೆ. ಕುಣಿಯಿಂದ ಏರುವ ತಂಪು ಅದನ್ನು ಮೆದುವಾಗಿ ಇಡುತ್ತದೆ. ದಪ್ಪ ಗೋಡೆ, ತೊಲೆ ಜಂತಿಗಳ ಮೇಲಿನ ಮಣ್ಣಿನ ಮಾಳಿಗೆ, ಬೇಕಾದಲ್ಲಿ ಮಾತ್ರ ಬೆಳಕು ಇಳಿಸುವ ಬೆಳಕಿಂಡಿ, ಇವೆಲ್ಲ ಹುನಗುಂದ ಸೀಮೆಯ ಬಿಸಿಲಿನಿಂದ ಮನುಷ್ಯರನ್ನು ಕಾಯುವಂತೆ ನೂಲನ್ನೂ ಕಾಯುತ್ತವೆ. ಇನ್ನು ಇಳಕಲ್ಲ ಸೀರೆಯ ಕೊಂಡಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಟೋಪು ತೆನೆ ಎಂಬ ವಿನ್ಯಾಸದ ಕೆಂಪು ಸೆರಗು ಬೇಕೆಂದರೆ ಪ್ರತಿ ಸೀರೆಗೂ ಹೊಸ ಜೋಡಣೆಯೇ ಆಗಬೇಕು. ಹತ್ತಾರು ಸೀರೆಗಳ ಉದ್ದದ ಹಾಸನ್ನು ಒಂದೇ ಸಲ ಹೂಡಿ ಎಡೆಬಿಡದೆ ನೇಯುವ ಪದ್ಧತಿ ಇದಕ್ಕೆ ಒಗ್ಗದು. ಹಾಗಾಗಿ ಉದ್ದನೆಯ ಶೆಡ್ಡಿನ ಅಗತ್ಯ ಇಲ್ಲಿ ಬೀಳಲೇ ಇಲ್ಲ. ಮನೆ ಚಿಕ್ಕದಾಗಿರುವುದಕ್ಕೆ ಬಡತನವೊಂದೇ ಕಾರಣವಲ್ಲ, ಸೀರೆಯ ಕಟ್ಟಣೆಯೂ ಕಾರಣ.

ಮನೆಯನ್ನು ಕಾರ್ಖಾನೆ ಎಂದು ಕರೆಯುವುದು ಮಾತಿನ ಚಮತ್ಕಾರವಷ್ಟೇ ಎಂದು ಆಕ್ಷೇಪಿಸಬಹುದು. ಫ್ರಾನ್ಸಿನ ಲಿಯೋಂ ಪಟ್ಟಣದಲ್ಲಿ ಈ ಆಕ್ಷೇಪಕ್ಕೆ ಉತ್ತರ ಸಿಕ್ಕು ಬಹಳ ಕಾಲವಾಗಿದೆ. 19ನೇ ಶತಮಾನದ ಆರಂಭದಲ್ಲಿ ಜಕಾರ್ಡ್ ಮಗ್ಗ ಬಂದ ಮೇಲೆ ಅಲ್ಲಿನ ಕ್ರ್ವಾ ರೂಸ್ ಗುಡ್ಡದ ರೇಷ್ಮೆ ನೇಕಾರರ ಮನೆಗಳ ಮಾಳಿಗೆ ಸುಮಾರು 4 ಮೀಟರ್ ಎತ್ತರಕ್ಕೆ ಏರಿತು, ಕಿಟಕಿಗಳು ಉದ್ದವಾದವು. ಅಲ್ಲಿಯೂ ಉಣ್ಣುವುದು, ಮಲಗುವುದು, ನೇಯುವುದು ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಆ ಗುಡ್ಡದ ಇಳಿಜಾರು ಸೇರಿದ ಹಳೇ ಲಿಯೋಂ 1998ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು. ಅಲ್ಲಿ ಮಗ್ಗ ಮಾಳಿಗೆಯನ್ನು ಮೇಲಕ್ಕೆತ್ತಿತು, ನಮ್ಮಲ್ಲಿ ನೆಲವನ್ನು ಕೆಳಕ್ಕಿಳಿಸಿತು. ಮೇಲೆದ್ದದ್ದು ದೂರಕ್ಕೂ ಕಾಣುತ್ತದೆ. ಕೆಳಗಿಳಿದದ್ದು ಬಾಗಿ ನೋಡಿದವರಿಗೆ ಮಾತ್ರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದಿನವಿಡೀ ಕುಣಿಯಲ್ಲಿ ಕಾಲಿಟ್ಟು ಕೂತವರ ಸೊಂಟ, ಮೊಣಕಾಲುಗಳ ನೋವನ್ನು ಮರೆತು ತಂಪನ್ನು ಹೊಗಳುವುದು ನ್ಯಾಯವೇ? ಮಳೆಗಾಲದಲ್ಲಿ ಸೋರುವ ಮಾಳಿಗೆಯ ಬದಲು ಸ್ಲ್ಯಾಬು ಬಯಸಿದರೆ ತಪ್ಪೇನು? ತಪ್ಪಿಲ್ಲ. ನೇಕಾರರು ಊರಿನ ನೆನಪಿಗಾಗಿ ಕತ್ತಲಲ್ಲಿ ಬದುಕಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಸ್ಲ್ಯಾಬಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಎಳೆ ಕಡಿಯತೊಡಗಿದಾಗ ಆ ನಷ್ಟವೂ ನೇಕಾರರದ್ದೇ. ಹಳೇ ಮನೆ ಬಿಡಿಸಿದ ಲೆಕ್ಕವನ್ನು ಹೊಸ ಮನೆ ಕಟ್ಟುವವರು ಓದಿರಬೇಕು: ಕುಣಿಯ ಆಳ ಎಷ್ಟು, ಗೋಡೆ ಎಷ್ಟು ದಪ್ಪ, ಬೆಳಕು ಲಾಳಿಯ ಹಾದಿಗೆ ಯಾವ ಕಡೆಯಿಂದ ಬೀಳುತ್ತದೆ, ಸೊಂಟಕ್ಕೆ ಆಸರೆ ಎಲ್ಲಿ ಕೊಡಬಹುದು. ಓದದಿದ್ದರೆ ಏನಾಗುತ್ತದೆಂಬುದನ್ನು ಬಾಗಲಕೋಟೆ ತೋರಿಸಿದೆ: ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಭಾಗಗಳು ಹೋದಾಗ ಅಲ್ಲಿಯವರಿಗೆ ಹೊಸದಾಗಿ ಕಟ್ಟಿದ ನವನಗರದಲ್ಲಿ ಸೈಟುಗಳು ಸಿಕ್ಕವು. ಓಣಿಗೂ ಪಡಸಾಲೆಗೂ ಇದ್ದ ನಂಟು ಸೈಟಿನ ಅಳತೆಯೊಳಗೆ ಕೂಡಲಿಲ್ಲ. ಇಳಕಲ್ಲಿಗೆ ಅಣೆಕಟ್ಟಿನ ಹೆದರಿಕೆಯೇನೂ ಇಲ್ಲ. ಅಲ್ಲಿ ಟೈಲ್ಸ್ ಹಾಕಿಸುವ ಮುಂಚೆ ಕುಣಿಗೆ ನಾಲ್ಕು ಬುಟ್ಟಿ ಮಣ್ಣು ಸುರಿದು ಧಮ್ಮಸ್ಸು ಹಾಕಿದರೆ ಸಾಕು, ಸಂಜೆಯ ಹೊತ್ತಿಗೆ ಕಾರ್ಖಾನೆ ಇದ್ದ ಗುರುತೂ ಉಳಿಯುವುದಿಲ್ಲ.